ಆಳೆತ್ತರದ ಗೊಂಚಲು ಗುಲಾಬಿ

ಫೆಬ್ರವರಿ ಸಮೀಪಿಸುತ್ತಿದ್ದಂತೆ ಹೊಸೂರು ಸೀಮೆಯ ಪಾಲಿಹೌಸುಗಳಲ್ಲಿ ಕೈಗಳಿಗೆ ಬಿಡುವಿರುವುದಿಲ್ಲ. ಒಂದು ಕಾಂಡದ ತುದಿಯಲ್ಲಿ ಒಂದೇ ಮೊಗ್ಗು ಉಳಿಯಬೇಕು. ಅದರ ಪಕ್ಕದಲ್ಲಿ ಕಾಳಿನ ಗಾತ್ರಕ್ಕೆ ಇಣುಕುವ ಮರಿಮೊಗ್ಗುಗಳನ್ನೆಲ್ಲ ಬೆರಳ ತುದಿಯಿಂದ ಚಿವುಟಿ ಹಾಕಬೇಕು. ಸಾಲಿನಿಂದ ಸಾಲಿಗೆ ನಡೆಯುತ್ತ ದಿನವಿಡೀ ಇದನ್ನೇ ಮಾಡುವ ಹೆಂಗಸರು ಅಲ್ಲಿದ್ದಾರೆ. ‘ತಾಜ್ ಮಹಲ್’ ಎಂಬ ಹೆಸರಿನ ಕಡುಗೆಂಪು ಗುಲಾಬಿ ಹಾಗೆ ಒಂಟಿಯಾಗಿ, ನೀಳವಾದ ಕಾಂಡದ ಮೇಲೆ ಬೆಳೆದರೆ ಮಾತ್ರ ಅದಕ್ಕೆ ಪೇಟೆಯಲ್ಲಿ ಬೆಲೆ. ಕಾಂಡದ ಉದ್ದಕ್ಕೆ ತಕ್ಕಂತೆ ಹಣ, ಹೂವು ಒಂದೇ.

ಮನೆಯಂಗಳದ ನ್ಯಾಯ ಬೇರೆ. ದೇವರ ಪಟಕ್ಕೆ ಒಂದು, ಮಗಳ ಜಡೆಗೆ ಒಂದು, ಶಾಲೆಗೆ ಒಯ್ಯಲು ಮಗನ ಕೈಗೆ ಒಂದು, ಗಿಡದಲ್ಲೇ ನೋಡಿ ಸಂತೋಷಪಡಲು ಇನ್ನೊಂದಷ್ಟು ಎಂದು ಲೆಕ್ಕ ಹಾಕುವ ಗೃಹಿಣಿಗೆ ಒಂಟಿ ಹೂವಿನ ಗಿಡ ಎಂದೂ ಸಾಲದು. ಆಕೆಗೆ ಬೇಕಾದುದು ಚಿವುಟಿ ಹಾಕದೆ ಬಿಟ್ಟ ಆ ಮರಿಮೊಗ್ಗುಗಳೆಲ್ಲವೂ ಅರಳುವ ಗಿಡ. ಅಂತಹ ಗಿಡಗಳಿವೆ. ಅವುಗಳಲ್ಲಿ ಕೆಲವು ಮೊಣಕಾಲೆತ್ತರದ ಪೊದೆಗಳು; ಕೆಲವು ಆಳನ್ನು ಮೀರಿ, ಕಾಂಪೌಂಡಿನ ಗೋಡೆಗಿಂತ ಮೇಲೆ ತಲೆಯೆತ್ತಿ ಗೊಂಚಲು ಗೊಂಚಲಾಗಿ ಹೂಬಿಡುವಂಥವು. ಈ ಎರಡನೆಯ ಬಗೆಯ ಗಿಡಗಳನ್ನು ಕುರಿತು ಕನ್ನಡದಲ್ಲಿ ಬರೆದದ್ದು ಕಡಿಮೆ. ಸಂತೆಯ ದಿನ ತಳ್ಳುಗಾಡಿಯವನ ಮಾತನ್ನು ನಂಬಿ ಗಿಡ ಕೊಂಡು, ಎರಡು ವರ್ಷ ನೀರೆರೆದು, ಕೊನೆಗೆ ಹೂವಿಲ್ಲದ ಮುಳ್ಳುಪೊದೆಯೊಂದನ್ನು ಸಾಕಿದ ಮನೆಗಳು ಮಾತ್ರ ಎಲ್ಲ ಊರುಗಳಲ್ಲೂ ಸಿಗುತ್ತವೆ.

ಗೊಂಚಲು ಗುಲಾಬಿಯ ವಂಶವೃಕ್ಷ ಹುಡುಕುತ್ತ ಹೋದರೆ ಮೊದಲು ಚೀನಕ್ಕೆ ಹೋಗಬೇಕಾಗುತ್ತದೆ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ, ಬೇಸಿಗೆಯ ಆರಂಭದಲ್ಲಿ ಹೂಬಿಟ್ಟು ಸುಮ್ಮನಾಗುತ್ತಿದ್ದವು. ವರ್ಷದುದ್ದಕ್ಕೂ ಮತ್ತೆ ಮತ್ತೆ ಹೂಬಿಡುವ ಗುಣ ಬಂದದ್ದು ಚೀನದ ತೋಟಗಳ ಗುಲಾಬಿಗಳಿಂದ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅವು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಂಗ್ಲೆಂಡ್ ಸೇರಿದವು. ದಾರಿಯಲ್ಲಿ ಕಲ್ಕತ್ತೆಯಲ್ಲಿ ತಂಗಿ ಹೋದ ಕಾರಣ ಯುರೋಪಿನವರು ಅವುಗಳಿಗೆ ‘ಬಂಗಾಳ ಗುಲಾಬಿ’ ಎಂದೇ ಹೆಸರಿಟ್ಟರು. ಚೀನದ ಸೊತ್ತಿಗೆ ಬಂಗಾಳದ ಹೆಸರು. ಗುಲಾಬಿಯ ಲೋಕದಲ್ಲಿ ಹೆಸರಿನ ಗೊಂದಲ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಗೊಂಚಲಾಗಿ ಅರಳುವ ಗುಣ ಮಾತ್ರ ಇನ್ನೊಂದು ಕಡೆಯಿಂದ ಬಂತು. ಜಪಾನ್ ಮತ್ತು ಪೂರ್ವ ಏಷ್ಯಾದ ಬೇಲಿಗಳಲ್ಲಿ ಬೆಳೆಯುವ ‘ಮಲ್ಟಿಫ್ಲೋರಾ’ ಎಂಬ ಕಾಡುಗುಲಾಬಿಯಲ್ಲಿ ಒಂದೊಂದು ಗೊಂಚಲಿಗೂ ಹತ್ತಾರು ಪುಟ್ಟ ಬಿಳಿ ಹೂವುಗಳು. ಫ್ರಾನ್ಸಿನ ಲಿಯಾನ್ ನಗರದ ಗೀಯೋ ಎಂಬ ತಳಿಗಾರ ಇದರ ಸಂತತಿಯಿಂದ ‘ಪಾಕರೆಟ್’ ಎಂಬ ಕುಳ್ಳ ಗೊಂಚಲು ಗುಲಾಬಿಯನ್ನು 1875ರಲ್ಲಿ ಬಿಡುಗಡೆ ಮಾಡಿದ. ಸ್ವಾರಸ್ಯವೆಂದರೆ, ಒಂಟಿ ಹೂವಿನ ‘ಹೈಬ್ರಿಡ್ ಟೀ’ ವರ್ಗದ ಮೊದಲ ಗಿಡವೆಂದು ಗಣಿಸಲ್ಪಡುವ ‘ಲಾ ಫ್ರಾನ್ಸ್’ ಕೂಡ 1867ರಲ್ಲಿ ಇದೇ ಮನುಷ್ಯನ ತೋಟದಿಂದಲೇ ಹೊರಬಿದ್ದಿತ್ತು. ಇಂದಿನ ಗುಲಾಬಿ ತೋಟಗಳನ್ನು ಹಂಚಿಕೊಂಡಿರುವ ಎರಡು ಮನೆತನಗಳೂ ಒಂದೇ ಅಂಗಳದಲ್ಲಿ ಹುಟ್ಟಿದವು ಎಂದಾಯಿತು.

ಮುಂದೆ ಡೆನ್ಮಾರ್ಕಿನ ಪೌಲ್ಸೆನ್ ಕುಟುಂಬದವರು ಈ ಎರಡು ಮನೆತನಗಳ ನಡುವೆ ಸಂಬಂಧ ಬೆಳೆಸಿದರು. ಚಳಿ ತಡೆಯುವ, ಗೊಂಚಲಾಗಿ ಅರಳುವ, ಆದರೆ ಸ್ವಲ್ಪ ದೊಡ್ಡ ಹೂವಿನ ಗಿಡ ಅವರಿಗೆ ಬೇಕಿತ್ತು. 1924ರಲ್ಲಿ ಬಂದ ‘ಎಲ್ಸೆ ಪೌಲ್ಸೆನ್’ ಮತ್ತು ‘ಕರ್ಸ್ಟನ್ ಪೌಲ್ಸೆನ್’ ಆ ದಾರಿಯನ್ನು ಗಟ್ಟಿಮಾಡಿದವು. ಈ ವರ್ಗಕ್ಕೆ ‘ಫ್ಲೋರಿಬಂಡಾ’, ಎಂದರೆ ಹೇರಳ ಹೂವಿನದು, ಎಂಬ ಹೆಸರನ್ನು ಅಂಟಿಸಿದವರು ಅಮೆರಿಕದ ಸಸಿ ವ್ಯಾಪಾರಿಗಳು.

ಆಮೇಲೆ ಬಂದಳು ರಾಣಿ. ಕ್ಯಾಲಿಫೋರ್ನಿಯಾದ ತಳಿವಿಜ್ಞಾನಿ ವಾಲ್ಟರ್ ಲ್ಯಾಮರ್ಟ್ಸ್ ‘ಷಾರ್ಲೆಟ್ ಆರ್ಮ್‌ಸ್ಟ್ರಾಂಗ್’ ಎಂಬ ಹೈಬ್ರಿಡ್ ಟೀ ಗಿಡಕ್ಕೆ ‘ಫ್ಲೋರಡೋರಾ’ ಎಂಬ ಫ್ಲೋರಿಬಂಡಾದ ಪರಾಗವನ್ನು ಕೂಡಿಸಿ ಪಡೆದ ಗಿಡವೊಂದು 1954ರಲ್ಲಿ ‘ಕ್ವೀನ್ ಎಲಿಜಬೆತ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂಗ್ಲೆಂಡಿನ ರಾಣಿಗೆ ಪಟ್ಟಾಭಿಷೇಕವಾಗಿ ಆಗಿನ್ನೂ ಒಂದು ವರ್ಷ ಕಳೆದಿತ್ತು ಅಷ್ಟೆ. ತಿಳಿ ಗುಲಾಬಿ ಬಣ್ಣ. ತಾಯಿಯಿಂದ ಬಂದ ಹೂವಿನ ಗಾತ್ರ ಮತ್ತು ನೀಳ ಕಾಂಡ. ತಂದೆಯಿಂದ ಬಂದ ಗೊಂಚಲು. ಮುಳ್ಳು ಕಡಿಮೆ, ಎಲೆ ದಪ್ಪ, ಬೆಳವಣಿಗೆ ನೇರ. ಆರೇಳು ಅಡಿ ಎತ್ತರ ಅದಕ್ಕೆ ಸಹಜ. ಕತ್ತರಿ ತಾಗಿಸದೆ ಬಿಟ್ಟರೆ ಹತ್ತು ಅಡಿಗೂ ಏರೀತು. ಪರಿಮಳ ಮಾತ್ರ ತೀರ ಮಂದ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈ ಗಿಡವನ್ನು ಯಾವ ವರ್ಗಕ್ಕೆ ಸೇರಿಸುವುದು ಎಂಬ ವಿವಾದ ಎದ್ದದ್ದು ಆಗ. ಗೊಂಚಲಿದೆ, ಆದುದರಿಂದ ಫ್ಲೋರಿಬಂಡಾ ಎನ್ನಬೇಕೆಂದರೆ ಹೂವು ಆ ವರ್ಗಕ್ಕೆ ಮೀರಿದ ಗಾತ್ರದ್ದು. ಹೈಬ್ರಿಡ್ ಟೀ ಎನ್ನಬೇಕೆಂದರೆ ಅದು ಒಂಟಿ ಹೂವಿನ ಗಿಡವಲ್ಲ. ಅಮೆರಿಕದವರು ಯೋಚಿಸಿ, ಇದಕ್ಕಾಗಿಯೇ ‘ಗ್ರಾಂಡಿಫ್ಲೋರಾ’ ಎಂಬ ಹೊಸ ವರ್ಗವನ್ನು ಸೃಷ್ಟಿಸಿದರು. ಬ್ರಿಟನ್ನಿನ ಗುಲಾಬಿ ಸಂಘದವರು ಒಪ್ಪಲಿಲ್ಲ. ಇದು ಹೈಬ್ರಿಡ್ ಟೀ ಮಾದರಿಯ ಫ್ಲೋರಿಬಂಡಾ ಅಷ್ಟೆ ಎಂದು ತೀರ್ಮಾನಿಸಿ ಸುಮ್ಮನಾದರು. ಒಬ್ಬ ಕಕ್ಷಿದಾರಳಿಗಾಗಿ ಕಾಯ್ದೆಗೆ ಹೊಸ ಕಲಮು ಸೇರಿಸುವುದು ಸರಿಯೇ ಎಂಬ ಪ್ರಶ್ನೆ ಅದು. ಹೂವಿನ ರೂಪವನ್ನೂ ಗಾತ್ರವನ್ನೂ ನೋಡಿದರೆ ಬ್ರಿಟಿಷರ ವಾದಕ್ಕೆ ಬಲವಿದೆ. ಆದರೆ ಮನೆಯ ಮುಂದೆ ಗಿಡ ನೆಡುವವನಿಗೆ ಅಮೆರಿಕದವರ ತೀರ್ಪೇ ಹೆಚ್ಚು ಉಪಯೋಗದ್ದು, ಏಕೆಂದರೆ ‘ಗ್ರಾಂಡಿಫ್ಲೋರಾ’ ಎಂಬ ಚೀಟಿ ಕಂಡೊಡನೆ ಈ ಗಿಡ ಎತ್ತರಕ್ಕೆ ಹೋಗುತ್ತದೆ, ಇದಕ್ಕೆ ಜಾಗ ಬೇಕು ಎಂಬುದು ಅವನಿಗೆ ತಿಳಿಯುತ್ತದೆ. ಬ್ರಿಟಿಷರ ಪಟ್ಟಿಯನ್ನು ನಂಬಿ ‘ಕ್ವೀನ್ ಎಲಿಜಬೆತ್’ ಗಿಡವನ್ನು ಉಳಿದ ಫ್ಲೋರಿಬಂಡಾಗಳ ಸಾಲಿನಲ್ಲಿ, ಪಾತಿಯ ಮುಂಭಾಗಕ್ಕೆ ನೆಟ್ಟರೆ ಹಿಂದಿನ ಗಿಡಗಳಿಗೆ ಬಿಸಿಲೇ ಸಿಗದು. ವಿವಾದ ಏನೇ ಇರಲಿ, 1979ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ತನ್ನ ಗೌರವ ಪಟ್ಟಿಗೆ ಇದನ್ನು ಸೇರಿಸಿಕೊಂಡಿತು. ಅದಕ್ಕೆ ಮುಂಚೆ ಆ ಗೌರವ ಸಂದಿದ್ದುದು ‘ಪೀಸ್’ ಎಂಬ ಗುಲಾಬಿಗೆ. 1983ರಲ್ಲಿ ಆ ಪಟ್ಟಿಗೆ ಸೇರಿದ ‘ಐಸ್‌ಬರ್ಗ್’ ಜರ್ಮನಿಯ ಕೋರ್ಡೆಸ್ ಮನೆತನ 1958ರಲ್ಲಿ ಕೊಟ್ಟ ಅಚ್ಚ ಬಿಳಿಯ ಫ್ಲೋರಿಬಂಡಾ. ನಮ್ಮ ಕಡೆಯ ಬೆಚ್ಚಗಿನ ಹವೆಯಲ್ಲಿ ಅದೂ ಐದಡಿಯವರೆಗೆ ಬೆಳೆಯುತ್ತದೆ.

ಭಾರತದಲ್ಲಿ ಈ ಗಿಡಗಳ ಕುರಿತು ಮಾತನಾಡುವಾಗ ಡಾ. ಬಿ. ಪಿ. ಪಾಲ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ತುಕ್ಕುರೋಗ ತಡೆಯುವ ಗೋಧಿ ತಳಿಗಳಿಗಾಗಿ ದುಡಿದ ಕೃಷಿ ವಿಜ್ಞಾನಿ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕ. ಬಿಡುವಿನ ವೇಳೆಯಲ್ಲಿ ಗುಲಾಬಿ ತಳಿಗಾರ. ನಮ್ಮ ಬಿಸಿಲಿಗೆ ನಮ್ಮ ನೆಲದಲ್ಲೇ ಹುಟ್ಟಿದ ಗುಲಾಬಿ ಬೇಕೆಂಬ ಹಟ ಅವರದು. ‘ಡೆಲ್ಲಿ ಪ್ರಿನ್ಸೆಸ್’, ‘ಬಂಜಾರನ್’ ಮುಂತಾದ ಗೊಂಚಲು ಗುಲಾಬಿಗಳು ಅವರ ಕೈಯಿಂದ ಬಂದವು. ಅವರು ನಿರ್ದೇಶಕರಾಗಿದ್ದ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ ‘ಮೋಹಿನಿ’, ‘ಪ್ರೇಮಾ’, ‘ಅರುಣಿಮಾ’ ಬಂದವು. ‘ಮೋಹಿನಿ’ಯ ಚಾಕಲೇಟು ಬಣ್ಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಈಚೆಗೆ ಕೊಡೈಕನಾಲಿನ ಎಂ. ಎಸ್. ವೀರರಾಘವನ್ ದಂಪತಿಗಳು ಈಶಾನ್ಯದ ಗುಡ್ಡಗಳ ‘ಜೈಗಾಂಟಿಯಾ’, ಬಂಗಾಳದ ತಗ್ಗು ಪ್ರದೇಶದಲ್ಲಿ ನೀರು ನಿಂತರೂ ಬದುಕುವ ‘ಕ್ಲೈನೋಫಿಲ್ಲಾ’ ಎಂಬ ನಮ್ಮವೇ ಕಾಡುಗುಲಾಬಿಗಳನ್ನು ಬಳಸಿ ಬೆಚ್ಚಗಿನ ನಾಡಿಗೆ ಒಗ್ಗುವ ತಳಿಗಳನ್ನು ರೂಪಿಸಿದ್ದಾರೆ. ಅವುಗಳಲ್ಲಿ ಹಳದಿ ಬಣ್ಣದ ಒಂದಕ್ಕೆ ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರಿದೆ. ಕಾಸರಗೋಡು, ವಯನಾಡಿನ ವಿಜ್ಞಾನದ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬಹುದಾದ ಸಂಗತಿ ಇದು.

ಕಣ್ಣಾರೆ ನೋಡಿ ಆರಿಸಬೇಕೆನ್ನುವವರಿಗೆ ಊಟಿಯ ಸರಕಾರಿ ಗುಲಾಬಿ ತೋಟಕ್ಕಿಂತ ಒಳ್ಳೆಯ ಪಾಠಶಾಲೆ ದಕ್ಷಿಣದಲ್ಲಿಲ್ಲ. ಊಟಿಯ ಪುಷ್ಪ ಪ್ರದರ್ಶನಕ್ಕೆ ನೂರು ತುಂಬಿದ ನೆನಪಿಗೆ 1995ರಲ್ಲಿ ಎಲ್ಕ್ ಹಿಲ್ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿರ್ಮಿಸಿದ ಸುಮಾರು 4 ಹೆಕ್ಟೇರಿನ ತೋಟ ಅದು. 2006ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಅದಕ್ಕೆ ಶ್ರೇಷ್ಠ ಉದ್ಯಾನ ಪ್ರಶಸ್ತಿ ನೀಡಿತು. ಶಾಲಾ ಪ್ರವಾಸದಲ್ಲಿ ಹೋಗುವ ಮಕ್ಕಳು ಫೋಟೋ ತೆಗೆಸಿಕೊಂಡು ಬರುವುದೇ ಹೆಚ್ಚು. ಕೈಯಲ್ಲೊಂದು ನೋಟ್‌ಬುಕ್ ಹಿಡಿದು, ಇಷ್ಟವಾದ ಗಿಡದ ಹೆಸರು, ಅದರ ಎತ್ತರ, ಗೊಂಚಲಿಗೆ ಎಷ್ಟು ಹೂವು, ಎಲೆಯಲ್ಲಿ ಚುಕ್ಕೆ ಇದೆಯೇ ಇಲ್ಲವೇ ಎಂದು ಬರೆದುಕೊಂಡು ಬಂದರೆ ಯಾವ ಕೆಟಲಾಗಿನ ಬಣ್ಣದ ಚಿತ್ರವೂ ಹೇಳದ ಸಂಗತಿ ತಿಳಿಯುತ್ತದೆ. ಆದರೆ ಒಂದು ಎಚ್ಚರ ಬೇಕು. ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿ ಅಂಗೈಯಗಲ ಅರಳಿದ ಹೂವು ರಾಯದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಅರ್ಧಕ್ಕೆ ಕುಗ್ಗುತ್ತದೆ, ಬಣ್ಣವೂ ಮಾಸುತ್ತದೆ. ಅದು ಗಿಡದ ದೋಷವಲ್ಲ.

ಆದುದರಿಂದ ಆಯ್ಕೆ ಊರಿನಿಂದ ಆರಂಭವಾಗಬೇಕು. ಹೊಸೂರು, ತಾಳವಾಡಿ, ಮಡಕಶಿರಾ ಭಾಗದವರು ಭಾಗ್ಯವಂತರು; ಕೆಂಪು ಮಣ್ಣು, ಹಗಲಿಗೆ ಬಿಸಿಲು, ರಾತ್ರಿಗೆ ತಂಪು. ಅಲ್ಲಿ ಎತ್ತರದ ಗೊಂಚಲು ಗುಲಾಬಿಗಳಲ್ಲಿ ಯಾವುದನ್ನು ನೆಟ್ಟರೂ ನಿಲ್ಲುತ್ತದೆ. ನೀಲಗಿರಿಯಲ್ಲಿ ಮಣ್ಣು ಹುಳಿ, ಮಂಜು ಹೆಚ್ಚು; ಗುಣಿಗೆ ಸ್ವಲ್ಪ ಸುಣ್ಣ ಬೆರೆಸಿ, ಗಾಳಿ ಆಡುವಂತೆ ದೂರ ದೂರ ನೆಡಬೇಕು, ಇಲ್ಲವಾದರೆ ಚಿಗುರಿನ ಮೇಲೆ ಬೂದಿ ರೋಗ ಕೂರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿಯ ಎರೆ ಭೂಮಿಯಲ್ಲಿ ಕಷ್ಟ ಬೇರೆ. ಅಲ್ಲಿ ಮಣ್ಣು ಕ್ಷಾರ, ನೀರು ಗಡಸು. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತಿದ್ದರೆ ಅದು ಗೊಬ್ಬರದ ಕೊರತೆಯಲ್ಲ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದನ್ನು ಹೀರಲಾಗುತ್ತಿಲ್ಲ ಎಂದರ್ಥ. ನೆಲವನ್ನು ಒಂದಡಿಯಷ್ಟು ಎತ್ತರಿಸಿ ಏರಿ ಮಾಡಿ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಜಿಪ್ಸಮ್ ಬೆರೆಸಿ ನೆಟ್ಟರೆ ಅಲ್ಲಿಯೂ ‘ಕ್ವೀನ್ ಎಲಿಜಬೆತ್’ ತಲೆಯೆತ್ತಿ ನಿಲ್ಲುತ್ತದೆ. ಬಿಸಿಲನ್ನು ಅದಕ್ಕಿಂತ ಚೆನ್ನಾಗಿ ತಾಳುವ ಎತ್ತರದ ಗುಲಾಬಿಗಳು ಕಡಿಮೆ.

ಕಾಸರಗೋಡಿನವರಿಗೆ ಹೇಳಬೇಕಾದುದು ಸ್ವಲ್ಪ ಕಹಿ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಡೆ ಗುಲಾಬಿಯ ಮುಖ್ಯ ಶತ್ರು ಕಪ್ಪು ಚುಕ್ಕೆ ರೋಗ. ಇದರ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಏಳು ಗಂಟೆಗಳಷ್ಟು ಕಾಲ ಒಂದೇ ಸಮನೆ ಒದ್ದೆಯಾಗಿರಬೇಕು. ಆಟಿಯ ಮಳೆಯಲ್ಲಿ ಎಲೆ ಒಣಗುವುದಾದರೂ ಯಾವಾಗ? ಜೂನ್‌ನಲ್ಲಿ ಸೊಂಪಾಗಿದ್ದ ಗಿಡ ಆಗಸ್ಟ್ ವೇಳೆಗೆ ಬೋಳು ಕಡ್ಡಿಯಾಗುತ್ತದೆ. ಅಲ್ಲಿ ದೊಡ್ಡ ಕುಂಡದಲ್ಲಿ ನೆಟ್ಟು, ಮಳೆಗಾಲದ ಮೂರು ತಿಂಗಳು ಮಾಡಿನ ಅಂಚಿನ ಒಳಗೆ, ಆದರೆ ಬೆಳಕು ಬೀಳುವಲ್ಲಿ ಇಟ್ಟು ಕಾಪಾಡಬೇಕು. ಎತ್ತರದ ಗಿಡಕ್ಕೆ ಕುಂಡದ ಬಾಯಿ ಹದಿನಾರು ಅಂಗುಲಕ್ಕೆ ಕಡಿಮೆಯಿರಬಾರದು. ಅಷ್ಟು ಶ್ರಮ ಬೇಡವೆನ್ನುವವರು ಹಳೆಯ ಎಡ್ವರ್ಡ್ ಗುಲಾಬಿಯನ್ನೋ ಬಟನ್ ರೋಸನ್ನೋ ನೆಟ್ಟು ತೃಪ್ತಿಪಡುವುದು ಮೇಲು. ಅವುಗಳದೂ ಗೊಂಚಲೇ.

ಇನ್ನು ಕೊಳ್ಳುವ ವಿಚಾರ. ಮೋಸ ನಡೆಯುವುದು ಇಲ್ಲಿಯೇ, ಆದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ನರ್ಸರಿಯ ಗುಲಾಬಿ ಗಿಡ ಒಂದಲ್ಲ, ಎರಡು. ಕೆಳಗೆ ಬೇರಿಗಾಗಿ ಬೆಳೆಸಿದ ಗಟ್ಟಿಮುಟ್ಟಾದ ಬುಡಸಸಿ; ಅದರ ಮೇಲೆ ಕಣ್ಣು ಕಸಿ ಮಾಡಿ ಕೂರಿಸಿದ, ಹೂವಿಗಾಗಿ ಬೇಕಾದ ತಳಿ. ಎರಡೂ ಕೂಡುವಲ್ಲಿ ಒಂದು ಗಂಟು ಇರುತ್ತದೆ. ಆ ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಬುಡಸಸಿಯದು, ಮೇಲಿನಿಂದ ಹೊರಡುವುದು ತಳಿಯದು. ಬುಡಸಸಿಯ ಚಿಗುರು ಹೆಚ್ಚು ಚುರುಕು. ಅದನ್ನು ಕಡಿಯದೆ ಬಿಟ್ಟರೆ ಒಂದೆರಡು ವರ್ಷದಲ್ಲಿ ಮೇಲಿನ ತಳಿಯನ್ನು ಹಸಿವಿನಲ್ಲಿ ಕೆಡವಿ ಇಡೀ ಗಿಡ ತನ್ನದೇ ಎಂಬಂತೆ ಬೆಳೆಯುತ್ತದೆ. “ಕೆಂಪು ಗುಲಾಬಿ ತಂದಿದ್ದೆವು, ಮೂರನೆಯ ವರ್ಷಕ್ಕೆ ಅದೇಕೋ ನಸುಗೆಂಪು ಹೂ ಬಿಡತೊಡಗಿತು” ಎಂದು ಹಲವರು ಬೆರಗಿನಿಂದ ಹೇಳುವ ಕತೆಯ ಗುಟ್ಟು ಇದೇ. ಕೆಂಪು ತಳಿ ಸತ್ತಿದೆ. ಬುಡಸಸಿಯಾಗಿದ್ದ ಎಡ್ವರ್ಡ್ ಹೂಬಿಟ್ಟಿದೆ. ಮಣ್ಣು ಬಣ್ಣ ಬದಲಾಯಿಸಿತು ಎಂಬುದು ಕಟ್ಟುಕತೆ.

ಎಲೆಯಲ್ಲಿ ಐದು ದಳವಿದ್ದರೆ ಜಾತಿ ಗಿಡ, ಏಳಿದ್ದರೆ ಕಾಡುಗಿಡ ಎಂಬ ನಂಬಿಕೆಯೂ ಊರೂರಲ್ಲಿದೆ. ಅದನ್ನು ನೆಚ್ಚಿ ಕತ್ತರಿ ಹಿಡಿಯಬಾರದು. ಏಳು ದಳದ ಎಲೆ ಬಿಡುವ ಒಳ್ಳೆಯ ತಳಿಗಳು ಬೇಕಾದಷ್ಟಿವೆ. ಮಲ್ಟಿಫ್ಲೋರಾ ಬುಡಸಸಿಯನ್ನು ಗುರುತಿಸಲು ಬೇರೆಯೇ ಸಾಕ್ಷ್ಯವಿದೆ. ಎಲೆಯ ತೊಟ್ಟು ಕಾಂಡವನ್ನು ಸೇರುವಲ್ಲಿ ಎರಡು ಪುಟ್ಟ ರೆಕ್ಕೆಗಳಿರುತ್ತವೆ. ಮಲ್ಟಿಫ್ಲೋರಾದಲ್ಲಿ ಆ ರೆಕ್ಕೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತದೆ. ಸಾಮಾನ್ಯವಾಗಿ ತೋಟದ ತಳಿಗಳಲ್ಲಿ ಅಂಚು ನಯ. ಏಳನೆಯ ತರಗತಿಯ ಮಗುವಿನ ಕೈಗೆ ಒಂದು ಭೂತಗನ್ನಡಿ ಕೊಟ್ಟರೆ ಐದು ನಿಮಿಷದಲ್ಲಿ ಕಂಡುಹಿಡಿಯುತ್ತದೆ. ಸಂದೇಹವಿದ್ದರೆ ಬುಡದ ಮಣ್ಣು ಬಿಡಿಸಿ, ಚಿಗುರು ಗಂಟಿನ ಮೇಲಿನಿಂದಲೋ ಕೆಳಗಿನಿಂದಲೋ ಹೊರಟಿದೆ ಎಂಬುದನ್ನು ನೋಡುವುದು ಎಲ್ಲಕ್ಕಿಂತ ನಿಶ್ಚಿತ. ಕೆಳಗಿನದಾದರೆ ಕತ್ತರಿಸದೆ, ಹುಟ್ಟಿದಲ್ಲಿಂದಲೇ ಎಳೆದು ಕೀಳಬೇಕು. ಕತ್ತರಿಸಿದರೆ ಒಂದರ ಬದಲು ನಾಲ್ಕು ಬರುತ್ತವೆ.

ಆದುದರಿಂದ ಗಿಡ ಕೊಳ್ಳುವಾಗ ಅರಳಿದ ಹೂವನ್ನು ನೋಡುವುದಕ್ಕೆ ಮೊದಲು ಬಗ್ಗಿ ಬುಡ ನೋಡಬೇಕು. ಕಸಿಯ ಗಂಟು ಗಟ್ಟಿಯಾಗಿ ಕೂಡಿದೆಯೇ, ಅಲ್ಲಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದುಕೊಂಡಿದೆಯೇ, ಗಂಟಿನ ಮೇಲೆ ಕನಿಷ್ಠ ಎರಡು ಕಾಂಡಗಳಾದರೂ ಇವೆಯೇ? ತಳಿಯ ಹೆಸರನ್ನು ಮಾರುವವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಇದು ಅತಿಯಾಯಿತು ಎಂದು ನಗುವವರಿದ್ದಾರೆ. ಹೆಸರು ಬರೆಯಲು ಹಿಂಜರಿಯುವ ವ್ಯಾಪಾರಿಗೆ ಆ ಹೆಸರು ಗೊತ್ತಿಲ್ಲವೆಂದೇ ಅರ್ಥ. ಅಷ್ಟು ತಿಳಿದರೂ ಲಾಭವೇ. ಬಾಯಿಮಾತಿನಲ್ಲಿ ‘ಡಬಲ್ ಕಲರ್’, ‘ಬೆಂಗಳೂರು ಪಿಂಕ್’ ಎಂದು ಮಾರಿದ ಗಿಡದ ಮೇಲೆ ನಾಳೆ ಯಾರೂ ಯಾವ ದೂರನ್ನೂ ಹೇಳಲಾಗದು.

ಹೆಸರಿನ ಮಾತು ಬಂದುದರಿಂದ ಹಕ್ಕಿನ ಮಾತನ್ನೂ ಹೇಳಿಬಿಡಬಹುದು. ಗುಲಾಬಿಗೂ ಕಾನೂನಿಗೂ ಹಳೆಯ ನಂಟು. 1931ರಲ್ಲಿ ಅಮೆರಿಕ ಸರಕಾರ ಸಸ್ಯವೊಂದಕ್ಕೆ ಮೊತ್ತಮೊದಲ ಪೇಟೆಂಟು ಕೊಟ್ಟಾಗ ಅದು ಸಂದದ್ದು ‘ನ್ಯೂ ಡಾನ್’ ಎಂಬ ಹಬ್ಬುಗುಲಾಬಿಗೆ. ಭಾರತದಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಗುಲಾಬಿಯೂ ಸೇರಿದೆ. ಹೊಸ ತಳಿಯನ್ನು ನೋಂದಾಯಿಸಿದ ತಳಿಗಾರನಿಗೆ ಕೆಲವು ವರ್ಷಗಳ ಹಕ್ಕು ಇರುತ್ತದೆ. ಆದರೂ ಅದೇ ಕಾಯ್ದೆಯ 39ನೆಯ ಕಲಮು ರೈತ ತಾನು ಬೆಳೆದುದನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ಕಾಪಾಡುತ್ತದೆ. ಬ್ರಾಂಡಿನ ಬೀಜವಾಗಿ ಮಾರುವಂತಿಲ್ಲ, ಅಷ್ಟೆ. ನೋಂದಾಯಿತ ತಳಿ ಹೇಳಿದಂತೆ ಫಲ ಕೊಡದಿದ್ದರೆ ಪರಿಹಾರ ಕೇಳುವ ದಾರಿಯೂ ಅದೇ ಕಲಮಿನಲ್ಲಿದೆ. ‘ಕ್ವೀನ್ ಎಲಿಜಬೆತ್’, ‘ಐಸ್‌ಬರ್ಗ್’ ಇಂತಹ ಹಳೆಯ ಗಿಡಗಳ ಮಟ್ಟಿಗೆ ಈ ಯಾವ ತಂಟೆಯೂ ಇಲ್ಲ. ಅವುಗಳ ಕಡ್ಡಿಯನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು. ಒಂದು ಒಳ್ಳೆಯ ಗಿಡ ಶಾಲೆಯ ಆವರಣದಲ್ಲಿದ್ದರೆ ಪ್ರತಿ ಮಳೆಗಾಲದ ಆರಂಭದಲ್ಲಿ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಅರ್ಧದಷ್ಟು ಭಾಗ ಮರಳು ಬೆರೆತ ಮಣ್ಣಿನಲ್ಲಿ ಹುಗಿದು, ನೆರಳಿನಲ್ಲಿಟ್ಟು, ತರಗತಿಗೊಂದು ಗಿಡ ಮಾಡಿಕೊಳ್ಳಬಹುದು. ಎತ್ತರದ ಗೊಂಚಲು ಗುಲಾಬಿಗಳು ಹುರುಪಿನ ಗಿಡಗಳಾದುದರಿಂದ ಕಡ್ಡಿಯಿಂದಲೂ ಬೇರು ಬಿಡುತ್ತವೆ. ಎಲ್ಲ ಕಡ್ಡಿಯೂ ಹಿಡಿಯದು. ಹತ್ತಕ್ಕೆ ನಾಲ್ಕು ಹಿಡಿದರೂ ನಷ್ಟವಿಲ್ಲ. ಹೀಗೆ ಬಂದ ಗಿಡಕ್ಕೆ ಬುಡಸಸಿಯೇ ಇಲ್ಲ, ಆದುದರಿಂದ ಬಣ್ಣ ಬದಲಾಗುವ ಭಯವೂ ಇಲ್ಲ.

ನೆಡುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ. ಒಂದೂವರೆ ಅಡಿ ಉದ್ದಗಲ ಆಳದ ಗುಣಿ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆ ಪುಡಿ. ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಬಿಡಬೇಕು; ಬೇಲಿಯಂತೆ ಬೇಕೆಂದರೆ ಮೂರು ಸಾಕು. ಕಸಿ ಗಂಟು ಮಣ್ಣಿನ ಮೇಲೆ ಕಾಣುತ್ತಿರಲಿ. ಆಳೆತ್ತರದ ಗಿಡಗಳ ಸಾಲು ಪಾತಿಯ ಉತ್ತರ ಅಂಚಿನಲ್ಲಿದ್ದರೆ ವರ್ಷದ ಬಹುಭಾಗ ಉಳಿದವುಗಳ ಮೇಲೆ ನೆರಳು ಬೀಳದು. ನೀರು ಬುಡಕ್ಕೆ, ಬೆಳಗಿನ ಹೊತ್ತು. ಸಂಜೆ ಎಲೆಯ ಮೇಲೆ ಎರಚಿದರೆ ರೋಗವನ್ನು ಕರೆದಂತೆ. ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳು ಕೈತೊಳೆದ ನೀರನ್ನು ಗಿಡಗಳಿಗೆ ತಿರುಗಿಸುವ ಒಳ್ಳೆಯ ಅಭ್ಯಾಸವಿದೆ. ಬರಿಯ ನೀರಾದರೆ ಸರಿ. ಪಾತ್ರೆ ತೊಳೆದ ಉಪ್ಪು ಸೋಪಿನ ನೀರು ಬಾಳೆಗೆ ಹೋಗಲಿ, ಗುಲಾಬಿ ಅದನ್ನು ತಾಳದು.

ಕತ್ತರಿಯ ವಿಷಯದಲ್ಲಿ ಮಾತ್ರ ಎತ್ತರದ ಜಾತಿ ಬೇರೆ ನಿಯಮ ಬೇಡುತ್ತದೆ. ಸಾಮಾನ್ಯ ಗುಲಾಬಿಯನ್ನು ಮೊಣಕಾಲಿನ ಮಟ್ಟಕ್ಕೆ ಸವರುವವರು ‘ಕ್ವೀನ್ ಎಲಿಜಬೆತ್’ ಗಿಡವನ್ನೂ ಹಾಗೆಯೇ ಸವರಿ, ಆಮೇಲೆ ಅದು ಎರಡೇ ಎರಡು ಕೋಲುಗಳನ್ನು ಆಕಾಶಕ್ಕೆ ಎಸೆದು ತುದಿಯಲ್ಲಷ್ಟೇ ಹೂಬಿಟ್ಟಿತೆಂದು ದೂರುತ್ತಾರೆ. ಎತ್ತರ ಅದರ ಸ್ವಭಾವ. ತಗ್ಗಿಸಲು ಹೊರಟಷ್ಟೂ ಹಟ. ಇದ್ದ ಎತ್ತರದಲ್ಲಿ ಮೂರನೆಯ ಒಂದು ಭಾಗವನ್ನು, ಹೆಚ್ಚೆಂದರೆ ಅರ್ಧವನ್ನು ತೆಗೆದು, ಒಣಗಿದ, ಪೀಚಾದ, ಒಳಮುಖವಾಗಿ ಹೆಣೆದುಕೊಂಡ ರೆಂಬೆಗಳನ್ನು ಬುಡದಿಂದಲೇ ತೆಗೆಯಬೇಕು. ಹೊರಗಿನ ಕಾಂಡಗಳನ್ನು ಒಳಗಿನವಕ್ಕಿಂತ ಒಂದಡಿ ಕೆಳಗೆ ಸವರಿದರೆ ಕಣ್ಣಿನ ಮಟ್ಟದಲ್ಲೂ ಹೂವು ಸಿಗುತ್ತದೆ. ಹೊರಮುಖವಾದ ಕಣ್ಣಿನ ಮೇಲ್ಭಾಗದಲ್ಲಿ ಓರೆಯಾಗಿ ಕತ್ತರಿ ಹಾಕಿ, ಕತ್ತರಿಸಿದ ಜಾಗಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುವುದನ್ನು ಮರೆಯಬಾರದು. ಸವರಿದ ತುದಿಯಿಂದ ಕಾಂಡ ಕಪ್ಪಾಗುತ್ತ ಕೆಳಗಿಳಿಯುವ ಒಣಗು ರೋಗ ನಮ್ಮ ದೇಶದಲ್ಲಿ ಬಹಳ ಗುಲಾಬಿಗಳನ್ನು ತಿಂದಿದೆ. ಆರಂಭವಾದುದು ಕಂಡರೆ ಕಪ್ಪು ಮುಗಿದು, ತಿರುಳು ಬೆಳ್ಳಗೆ ಕಾಣುವವರೆಗೆ ಕಾಂಡವನ್ನು ಕತ್ತರಿಸಬೇಕು. ಕರುಣೆ ತೋರಿದರೆ ಗಿಡವೇ ಹೋಗುತ್ತದೆ.

ಗೊಂಚಲಿನಲ್ಲಿ ನಡುವಿನ ಮೊಗ್ಗು ಮೊದಲು ಅರಳಿ, ಸುತ್ತಲಿನವು ತೆರೆಯುವಷ್ಟರಲ್ಲಿ ಬಾಡಿರುತ್ತದೆ. ಇಡೀ ಗೊಂಚಲು ಒಟ್ಟಿಗೆ ಅರಳಬೇಕೆಂದರೆ ಆ ನಡುವಿನ ಒಂದನ್ನೇ ಎಳೆಯದರಲ್ಲಿ ಚಿವುಟಬೇಕು. ಹೊಸೂರಿನ ಪಾಲಿಹೌಸಿನಲ್ಲಿ ಉಳಿಸುವುದು ಯಾವುದನ್ನೋ ಇಲ್ಲಿ ತೆಗೆಯುವುದು ಅದನ್ನೇ. ಹೂವುಗಳೆಲ್ಲ ಉದುರಿದ ಮೇಲೆ ಗೊಂಚಲಿನ ಕೆಳಗೆ, ಐದು ದಳದ ಮೊದಲ ಪೂರ್ಣ ಎಲೆಯವರೆಗೆ ಕತ್ತರಿಸಿದರೆ ಮುಂದಿನ ಚಿಗುರು ಬಲವಾಗಿ ಬರುತ್ತದೆ.

ರೋಗ ಕೀಟಗಳಿಗೆ ಔಷಧಿ ಹೊಡೆಯುವ ಮುನ್ನ ಅದು ಮಕ್ಕಳು ಓಡಾಡುವ ಅಂಗಳ ಎಂಬುದು ನೆನಪಿರಬೇಕು. ಸಸ್ಯಹೇನು, ಥ್ರಿಪ್ಸ್‌ಗಳಿಗೆ ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆ, ಜೊತೆಗೆ ಚೂರು ಸೋಪು. ಎಲೆಯ ಅಡಿಯಲ್ಲಿ ಬಲೆ ಕಟ್ಟುವ ಕೆಂಪು ನುಸಿಗೆ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಎಲೆಯಡಿಗೆ ರಭಸದ ನೀರು. ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಅದೂ ಬಿಸಿಲು ಏರದ ದಿನಗಳಲ್ಲಿ. ಚುಕ್ಕೆ ಬಿದ್ದು ಉದುರಿದ ಎಲೆಯನ್ನು ಗುಡಿಸಿ ಸುಡುವುದು ಯಾವ ಔಷಧಿಗಿಂತಲೂ ಅಗ್ಗ.

ಕೊನೆಗೆ ಕಾಲದ ಲೆಕ್ಕ. ಬಯಲುಸೀಮೆಯಲ್ಲಿ ಸವರಿದ ಗಿಡ 45ರಿಂದ 50 ದಿನಗಳಲ್ಲಿ ಹೂಬಿಡುತ್ತದೆ. ನೀಲಗಿರಿಯ ಚಳಿಯಲ್ಲಿ ಇನ್ನೂ ಎರಡು ಮೂರು ವಾರ ಹೆಚ್ಚು. ನವೆಂಬರ್ 1ರ ರಾಜ್ಯೋತ್ಸವಕ್ಕೆ ಭುವನೇಶ್ವರಿಯ ಪಟದ ಮುಂದೆ ಶಾಲೆಯ ಗಿಡದ್ದೇ ಹೂವಿರಬೇಕೆಂದರೆ ಸೆಪ್ಟೆಂಬರ್ ನಡುವಿನಲ್ಲಿ ಕತ್ತರಿ ಹಿಡಿಯಬೇಕು. ಎದೆಗೆ ಗುಲಾಬಿ ಸಿಕ್ಕಿಸಿಕೊಳ್ಳುತ್ತಿದ್ದ ನೆಹರೂ ಅವರ ಹುಟ್ಟುಹಬ್ಬ, ನವೆಂಬರ್ 14ಕ್ಕೆ ಬೇಕೆಂದರೆ ಆ ತಿಂಗಳ ಕೊನೆಯ ವಾರ. ತಮಿಳುನಾಡಿನ ಕಡೆ ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಹಿಡಿದರೆ ಮೊಗ್ಗು ಕೊಳೆಯುವುದುಂಟು. ಆದುದರಿಂದ ಎಲ್ಲ ಗಿಡಗಳನ್ನೂ ಒಂದೇ ದಿನ ಸವರದೆ, ಅರ್ಧವನ್ನು ಮೊದಲು, ಉಳಿದರ್ಧವನ್ನು ಹತ್ತು ದಿನ ಬಿಟ್ಟು ಸವರುವುದು ಕ್ಷೇಮ. ಕತ್ತರಿಸಿದ ಬಲಿತ ಕಡ್ಡಿಗಳನ್ನು ಎಸೆಯದೆ, ಹೆಸರಿನ ಚೀಟಿ ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟರೆ ಅದೇ ಸಂಜೆ ಮಕ್ಕಳು ಮನೆಗೆ ಒಯ್ಯಬಹುದು.